ಷರಾ: ನೊಣದಲ್ಲಿ ಎರಡು ರೆಕ್ಕೆ ಕಮ್ಮಿ

ನಮ್ಮ ಕಚೇರಿಯಲ್ಲಿ ಸತ್ಯಕ್ಕೆಂದೇ ಒಂದು ಮೇಜಿದೆ. ಕಿಟಕಿಯ ಪಕ್ಕದ್ದು. ಅದರ ಒಂದು ಕಾಲು ಗಿಡ್ಡವಾದ್ದರಿಂದ ಹಳೆಯ ರಿಜಿಸ್ಟರಿನ ರಟ್ಟನ್ನು ಮಡಚಿ ಕೆಳಗೆ ಕೊಟ್ಟಿದ್ದಾರೆ. ಆ ಮೇಜಿನ ಹಿಂದೆ ಕೂರುವವನನ್ನು ಎಲ್ಲರೂ ಮೊಹರು ಎಂದೇ ಕರೆಯುವುದು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿದೆ. ಅದನ್ನು ಕಂಡಾಗ ಅವನೇ ಒಮ್ಮೊಮ್ಮೆ ಯಾರಪ್ಪ ಇವನು ಎಂಬಂತೆ ನೋಡುತ್ತಾನೆ. ಊರಿನ ಜನನ, ಮರಣ, ಮನೆ, ನಿವೇಶನ, ಯಾವುದರ ನಕಲು ಬೇಕಾದರೂ ಅವನ ಕೈ ಹಾಯಬೇಕು. ಅಸಲನ್ನು ಎಡಗಡೆ, ನಕಲನ್ನು ಬಲಗಡೆ ಇಟ್ಟುಕೊಂಡು, ಎರಡರ ಮೇಲೂ ಒಂದೊಂದು ಬೆರಳಿಟ್ಟು, ಸಾಲು ಸಾಲಾಗಿ ಓದಿ, ಕೊನೆಗೆ ‘ಅಸಲಿನೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ’ ಎಂಬ ಮೊಹರನ್ನು ಧಪ್ಪನೆ ಒತ್ತುತ್ತಾನೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಮೊಹರು ಬಿದ್ದಿಲ್ಲವೆಂಬುದು ಅವನ ಹೆಮ್ಮೆ. ನಾನು ಪಕ್ಕದ ಮೇಜಿನವನು. ಅವನು ಒತ್ತಿದ್ದರ ಕೆಳಗೆ ಎರಡನೇ ಸಹಿ ಹಾಕುವುದು ನನ್ನ ಕೆಲಸ. ಓದಿ ಹಾಕುತ್ತೀಯಾ ಎಂದು ಇದುವರೆಗೆ ಯಾರೂ ಕೇಳಿಲ್ಲ, ನಾನಾಗಿ ಹೇಳಿಯೂ ಇಲ್ಲ.

ಪ್ರತಿ ಸೋಮವಾರ ಒಬ್ಬ ದರ್ಜಿ ಅಜ್ಜ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಹಿಂದೊಮ್ಮೆ ಯಾವನೋ ಗುಮಾಸ್ತ ರಿಜಿಸ್ಟರು ನಕಲು ಮಾಡುವಾಗ ಸಾಲು ತಪ್ಪಿ, ಅಜ್ಜನ ಹೆಸರಿನ ಮುಂದೆ ಅವನ ಮಗ ಹುಟ್ಟಿದ ವರ್ಷ ಬರೆದುಬಿಟ್ಟಿದ್ದ. ದಾಖಲೆಯ ಪ್ರಕಾರ ಅಪ್ಪ ಮಗ ಒಂದೇ ವರ್ಷ ಹುಟ್ಟಿದವರು. ಹೀಗಾಗಿ ಅಜ್ಜನಿಗೆ ಮುದುಕರ ಮಾಸಾಶನ ಸಿಗುತ್ತಿರಲಿಲ್ಲ, ಏಕೆಂದರೆ ಅವನು ಇನ್ನೂ ಮುದುಕನಾಗಿರಲಿಲ್ಲ. ತನ್ನನ್ನು ನೋಡಿದರೆ ತಿಳಿಯುವುದಿಲ್ಲವೇ ಎಂದು ಅವನು ಕೇಳಿದಾಗಲೆಲ್ಲ ಮೊಹರು ಬಹಳ ಮರ್ಯಾದೆಯಿಂದ ಹೇಳುತ್ತಿದ್ದ: “ನಿಮ್ಮನ್ನ ನೋಡೋದು ನನ್ನ ಕೆಲಸ ಅಲ್ಲ ಅಜ್ಜ. ತಾಳೆ ನೋಡೋದು ನನ್ನ ಕೆಲಸ. ದಾಖಲೆಯಲ್ಲಿ ಇರೋದೇ ಸರಿ.” ಅಜ್ಜ ಅಂಗಿಗೆ ಅಂಟಿದ ನೂಲಿನ ತುಂಡನ್ನು ಕಿತ್ತು ಬೆರಳಿಗೆ ಸುತ್ತಿಕೊಂಡು ಎದ್ದು ಹೋಗುತ್ತಿದ್ದ. ನಾಲ್ಕು ವರ್ಷದಿಂದ ಇದೇ ನಡೆದಿತ್ತು.

ಮೊಹರಿನ ಮಗಳು ತಳಿಶಾಸ್ತ್ರ ಮತ್ತು ಆಣ್ವಿಕ ಜೀವಶಾಸ್ತ್ರ ಓದುತ್ತಿದ್ದಳು. ಆ ಎರಡು ಹೆಸರುಗಳನ್ನು ಕಚೇರಿಯಲ್ಲಿ ಹೇಳುವಾಗ ಇವನ ಎದೆ ಒಂದಿಂಚು ಉಬ್ಬುತ್ತಿತ್ತು. ತಳಿಶಾಸ್ತ್ರ ಎಂದರೇನು ಎಂದು ನಾನೊಮ್ಮೆ ಕೇಳಿದ್ದೆ. “ಅಪ್ಪನ ಮೂಗು ಮಗನಿಗೆ ಬರುತ್ತಲ್ಲ, ಅದರ ನಕಲು ವಿಭಾಗ,” ಎಂದ. ಇಂಥ ತಿಳಿವಳಿಕೆಯಿರುವ ಮನುಷ್ಯನಿಗೆ ಅಪಾಯ ಬೇರೆ ಎಲ್ಲಿಂದಲೋ ಬರಬೇಕಾಗಿರಲಿಲ್ಲ.

ಒಂದು ಗುರುವಾರ ಮಗಳು ತನ್ನ ಪ್ರಬಂಧವನ್ನು ಎದೆಗವಚಿಕೊಂಡು ಅಳುತ್ತಾ ಮನೆಗೆ ಬಂದಳು. ಮೊದಲ ಪುಟದ ಮೇಲೆ ಅವಳ ಪ್ರೊಫೆಸರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಆಕರಗಳು ವಿಶ್ವಾಸಾರ್ಹವಲ್ಲ. ಒಂದು ವಾರದೊಳಗೆ ವಿಶ್ವಾಸಾರ್ಹ ಆಕರ ತಾರದಿದ್ದರೆ ಸಹಿ ಇಲ್ಲ.’ ಸಹಿ ಇಲ್ಲವೆಂದರೆ ಒಂದು ವರ್ಷ ಮಣ್ಣುಪಾಲು. ಮೊಹರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಮೂರು ಸಲ ಓದಿದ. ತನ್ನ ಮಗಳು ತಂದ ಕಾಗದವನ್ನು ನಂಬಲು ಆಗುವುದಿಲ್ಲ ಎನ್ನುವುದನ್ನು ಅವನು ತನ್ನ ಮನೆತನಕ್ಕೇ ಬೈದಂತೆ ತೆಗೆದುಕೊಂಡ. ಆಮೇಲೆ ನಡೆದ ವಿಚಾರಣೆಯನ್ನು ಅವನ ಹೆಂಡತಿ ನನಗೆ ಎರಡು ಸಲ ಹೇಳಿದ್ದಾಳೆ, ಎರಡು ಸಲವೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

“ಈ ಕಾಗದ ಎಲ್ಲ ಯಾರು ಕೊಟ್ಟಿದ್ದು?”

“ಯಾರೂ ಕೊಟ್ಟಿದ್ದಲ್ಲ ಅಪ್ಪ. ಯಾರ್ಯಾರೋ ಬರೆದು ಇಂಟರ್‌ನೆಟ್ಟಿಗೆ ಹಾಕಿದಾರೆ. ನಾನು ತೆಗೆದುಕೊಂಡೆ.”

“ಕೆಳಗೆ ಸಹಿ?”

“ಇಲ್ಲ.”

“ಸೀಲು?”

“ಅಪ್ಪ, ಅದು ಹಾಗಲ್ಲ…”

“ಅದಕ್ಕೇ ಮತ್ತೆ,” ಎಂದ ಮೊಹರು. ಪ್ರೊಫೆಸರ ಮೇಲಿದ್ದ ಸಿಟ್ಟು ಆ ಕ್ಷಣವೇ ಇಳಿದುಹೋಯಿತಂತೆ. ಸಹಿ ಸೀಲು ಇಲ್ಲದ ಕಾಗದವನ್ನು ತಾನಾದರೂ ತೆಗೆದುಕೊಳ್ಳುತ್ತಿದ್ದನೇ?

ಮಾರನೆಯ ದಿನದಿಂದ ಮಗಳು ಬೆಳಿಗ್ಗೆ ಎದ್ದು ಗ್ರಂಥಾಲಯಕ್ಕೆ ಓಡತೊಡಗಿದಳು. ದೊಡ್ಡ ದೊಡ್ಡ ವಿಜ್ಞಾನ ಪತ್ರಿಕೆಗಳು ಅಲ್ಲಿದ್ದವು, ಆದರೆ ಗಾಜಿನ ಬೀರುವಿನೊಳಗಿದ್ದವು. ಪ್ರೊಫೆಸರ ಪತ್ರವಿಲ್ಲದೆ ಬೀರು ತೆಗೆಯುವಂತಿಲ್ಲ. ಆಕರ ಸರಿಯಿಲ್ಲದೆ ಪ್ರೊಫೆಸರು ಪತ್ರ ಕೊಡುವುದಿಲ್ಲ. ಅವಳು ಗಾಜಿಗೆ ಮೂಗೊತ್ತಿ ಅವುಗಳ ಬೆನ್ನಿನ ಮೇಲಿನ ಹೆಸರು ಓದಿಕೊಂಡು ಬರುತ್ತಿದ್ದಳು. ಇತ್ತ ಅಪ್ಪ ಅವಳ ಮೇಜಿನ ಮೇಲಿದ್ದ ಹನ್ನೆರಡು ಲೇಖನಗಳನ್ನು, ಜೊತೆಗೆ ಪ್ರಬಂಧವನ್ನೂ, ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಬಂದ. ಹನ್ನೆರಡೂ ಹಣ್ಣಿಗೆ ಮುತ್ತುವ ಸಣ್ಣ ನೊಣದ ಮೇಲಿನವು. ವಂಶವಾಹಿಗಳ ಬಗ್ಗೆ ಲೋಕಕ್ಕೆ ತಿಳಿದಿರುವುದರಲ್ಲಿ ಅರ್ಧ ಈ ನೊಣ ಹೇಳಿಕೊಟ್ಟಿದ್ದಂತೆ. ನಮ್ಮ ಮನೆಗಳಲ್ಲಿ ಅದಕ್ಕೆ ನಾವು ಟವೆಲಿನಿಂದ ಹೊಡೆಯುತ್ತೇವೆ.

ಮೊಹರು ಸೀಲನ್ನು ಶಾಯಿಗೆ ಅದ್ದಿ ಮೇಲೆತ್ತಿದ. ಕೈ ಅಲ್ಲೇ ನಿಂತಿತು.

“ಇದು ನಕಲು,” ಎಂದ ನನಗೆ. “ಇದರ ಅಸಲೆಲ್ಲಿ?”

ಮಗಳಿಗಾಗಿ ಒಂದು ಸಲ ಕಣ್ಣು ಮುಚ್ಚಿ ಒತ್ತಯ್ಯ ಎಂದೆ. ನಾನು ಕಣ್ಣು ಮುಚ್ಚಿಯೇ ಇಷ್ಟು ವರ್ಷ ಸಂಸಾರ ಮಾಡಿದವನು. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೆದ್ದು ಚಹಾ ಕುಡಿಯಲು ಹೋದೆ.

ವಿಷಯ ಮೇಲ್ವಿಚಾರಕಿ ಮೇಡಮ್ಮಿನ ಹತ್ತಿರ ಹೋಯಿತು. ಅವರು ಆಗ ತಲೆಯ ಮೇಲೆಯೇ ಇದ್ದ ತಮ್ಮ ಕನ್ನಡಕವನ್ನು ಖಾನೆಗಳಲ್ಲಿ ಹುಡುಕುತ್ತಿದ್ದರು. ಅದೇ ರಭಸದಲ್ಲಿ, “ನಿವೇಶನದ ನಕ್ಷೆ ಬಂದ್ರೆ ಏನು ಮಾಡ್ತೀರಿ? ನಿವೇಶನಕ್ಕೇ ಹೋಗಿ ಅಳೆದು ಬರ್ತೀರಿ. ಕಾಗದ ಯಾವುದರ ಮೇಲಿದೆಯೋ ಅದೇ ಅಸಲು. ನೊಣದ ಕಾಗದಕ್ಕೆ ನೊಣ ತನ್ನಿ,” ಎಂದರು. ತಮಾಷೆಗೆ ಹೇಳಿದ್ದೆಂದು ಮೇಡಂ ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ. ಆದರೆ ಮೇಲಧಿಕಾರಿಯ ಬಾಯಿಂದ ಬಂದದ್ದನ್ನು ತಮಾಷೆಯೆಂದು ತಿಳಿಯುವ ಅಭ್ಯಾಸ ಮೊಹರಿಗಿರಲಿಲ್ಲ. ಅವನು ಅದನ್ನು ‘ಮೌಖಿಕ ಆದೇಶ’ ಎಂದು ಬರೆದುಕೊಂಡ.

ಅಂದು ಸಂಜೆ ಅವನ ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣು ಆರು, ಬಾಯಗಲದ ಸೀಸೆ ಒಂದು, ತೂತು ಕೊರೆದ ಕಾಗದದ ಮುಚ್ಚಳ ಒಂದು, ಹೀಗೆ ಸಿದ್ಧತೆಯಾಯಿತು. ಮರುದಿನವೇ ನೊಣಗಳು ಬಂದವು. ಅದರ ಮಾರನೆಯ ದಿನ ಅಕ್ಕಪಕ್ಕದ ಮನೆಗಳ ನೊಣಗಳೂ ಬಂದವು. ಮೇಲಿನ ಮನೆಯ ನಿವೃತ್ತ ನರ್ಸಮ್ಮ ಇಳಿದು ಬಂದು, ತಾವು ನಲವತ್ತು ವರ್ಷ ಯಾವುದನ್ನು ಓಡಿಸುವುದರಲ್ಲಿ ಆಯುಷ್ಯ ಸವೆಸಿದರೋ ಅದನ್ನು ಈ ಮನೆಯಲ್ಲಿ ಹಣ್ಣು ಕೊಟ್ಟು ಸಾಕುತ್ತಿದ್ದಾರೆಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ನೊಣಗಳು ಒಂದು ಕಡೆ ನಿಲ್ಲದ್ದರಿಂದ ಮೊಹರಿನ ಬಾಮೈದ ಒಂದು ಉಪಾಯ ಹೇಳಿದ: ತಣ್ಣಗಿಟ್ಟರೆ ಅವು ಮಂಕಾಗಿ ಮಲಗುತ್ತವೆ. ಬಾಮೈದನದು ಕನ್ನಡಕದ ಅಂಗಡಿ. ಗಾಜಿನ ವ್ಯಾಪಾರದವನಾದರೂ ಸೀಸೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ಕೂತಾಗ ತನ್ನ ಅಕ್ಕನ ಮುಖ ಹೇಗಾಗುತ್ತದೆಂದು ಅವನು ಮುಂಚೆ ಕಾಣಲಿಲ್ಲ. ಅವಳು ಗಂಡನಿಗೂ ತಮ್ಮನಿಗೂ ಸೇರಿಸಿ, “ಒಂದೋ ಅವು ಇರಬೇಕು, ಇಲ್ಲಾ ಹಾಲಿರಬೇಕು,” ಎಂದಳು. ಹಾಲು ಹೊರಗೆ ಬಂತು.

ಗ್ರಂಥಾಲಯದಿಂದ ಬಂದ ಮಗಳು ಮನೆಯೊಳಗಿನ ಮೋಡವನ್ನು ನೋಡಿ ಇದೇನೆಂದು ಕೇಳಿದ್ದಕ್ಕೆ ಅಪ್ಪ, “ನಿನ್ನ ಕೆಲಸವೇ ನಡೀತಿದೆ, ನೀನು ಊಟ ಮಾಡು,” ಎಂದನಂತೆ.

ಸೋಮವಾರ ನೊಣಗಳು ಕಚೇರಿಗೆ ಹಾಜರಾದವು. ಒಟ್ಟು ಇಪ್ಪತ್ಮೂರು. ಐಸು ತುಂಬಿದ ಫ್ಲಾಸ್ಕಿನಲ್ಲಿ ಸೀಸೆ, ಬಾಮೈದನ ಅಂಗಡಿಯ ದಪ್ಪ ಮಸೂರ, ಒಂದು ಬಿಳಿ ತಟ್ಟೆ. ಎಡಗಡೆ ತಟ್ಟೆ, ಬಲಗಡೆ ಲೇಖನ. ಸಾರ್ವಜನಿಕರು ತಮ್ಮ ಸರದಿ ಮರೆತು ಮೇಜಿನ ಸುತ್ತ ನಿಂತರು. ದರ್ಜಿ ಅಜ್ಜನೂ ಬೆಂಚಿನಿಂದೆದ್ದು ಬಂದ. ನಾನು ಓದುವುದು, ಅವನು ನೋಡುವುದು ಎಂದಾಯಿತು.

ಕಣ್ಣು ಕೆಂಪು ಎಂದೆ. ಕೆಂಪು, ಸರಿಯಿದೆ ಎಂದ. ಕಾಲು ಆರು ಎಂದೆ. ಆರನ್ನೂ ಪಿನ್ನಿನ ತುದಿಯಿಂದ ಎಣಿಸಿ, ಸರಿಯಿದೆ ಎಂದ. ಜನ ತಲೆದೂಗಿದರು.

“ರೆಕ್ಕೆ ನಾಲ್ಕು,” ಎಂದು ಓದಿದೆ.

ಮೊಹರು ಮಸೂರ ಹತ್ತಿರ ತಂದ, ದೂರ ಹಿಡಿದ, ಒರೆಸಿದ. ಇನ್ನೊಂದು ನೊಣ ನೋಡಿದ. ಮತ್ತೊಂದು ನೋಡಿದ. ಇಪ್ಪತ್ಮೂರನ್ನೂ ನೋಡಿದ ಮೇಲೆ ತಲೆಯೆತ್ತಿದ. “ಎರಡೇ ಇವೆ,” ಎಂದ.

ಲೇಖನ ಬದಲಿಸಿದೆವು. ಎರಡನೆಯದೂ ನಾಲ್ಕು ಎಂದಿತು. ಹನ್ನೆರಡೂ ನಾಲ್ಕು ಎಂದವು. ಹೋಗಲಿ, ಮಗಳ ಪ್ರಬಂಧದ ಹದಿನಾಲ್ಕನೇ ಪುಟವೂ ಅಷ್ಟೇ ನಿಷ್ಠೆಯಿಂದ ನಾಲ್ಕು ಎಂದಿತು. ಅವಳು ಅಲ್ಲಿಂದೆತ್ತಿ ಇಲ್ಲಿಗಿಟ್ಟಿದ್ದಳೇ ಹೊರತು ಓದಿರಲಿಲ್ಲ, ನನ್ನ ಪಂಗಡದವಳು. ಸುತ್ತಲಿದ್ದ ಜನ ಅಭಿಪ್ರಾಯ ಕೊಡತೊಡಗಿದರು. ಉಳಿದೆರಡು ರೆಕ್ಕೆ ಮಡಚಿಕೊಂಡಿರಬೇಕು ಎಂದ ಒಬ್ಬ. ಐಸಿಗೆ ಉದುರಿರಬೇಕು ಎಂದ ಇನ್ನೊಬ್ಬ. ಈಗಿನ ಹಣ್ಣಿನಲ್ಲಿ ಸತ್ವವೇ ಇಲ್ಲ, ಇನ್ನು ನೊಣದಲ್ಲಿ ಎಲ್ಲಿಂದ ಬಂದೀತು ಎಂದು ಒಬ್ಬಾಕೆ ನಿಟ್ಟುಸಿರಿಟ್ಟಳು. ಮೇಡಂ ಮಾತ್ರ ಕಾನೂನಿನ ಮಾತಾಡಿದರು: ಹನ್ನೆರಡು ದಾಖಲೆ ಒಂದು ಕಡೆ, ನೊಣ ಒಂದು ಕಡೆ, ಹನ್ನೆರಡು ದಾಖಲೆ ಒಂದೇ ಮಾತು ಹೇಳುವಾಗ ನೊಣದ ಮಾತನ್ನು ಯಾರು ಕೇಳುತ್ತಾರೆ?

ಹಿಂದಿನಿಂದ ದರ್ಜಿ ಅಜ್ಜ ಮೆಲ್ಲಗೆ, “ಪಾಪ, ನೊಣಕ್ಕೂ ನನ್ನ ಗತಿಯೇ ಬಂತಲ್ಲಪ್ಪ,” ಎಂದ.

ಮೊಹರು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಸೀಲನ್ನು ಮಾತ್ರ ಡಬ್ಬಿಗೆ ಹಾಕಿ ಮುಚ್ಚಿದ. ಆಮೇಲೆ ಲೆಕ್ಕಣಿಕೆ ತೆಗೆದುಕೊಂಡು, ಲೇಖನಗಳ ಅಂಚಿನಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ: ‘ಷರಾ: ನೊಣದಲ್ಲಿ ಎರಡು ರೆಕ್ಕೆ ಕಮ್ಮಿ. ಒಂದರಲ್ಲಿ ಮೂರು ಕಮ್ಮಿ.’ ಆ ಒಂದು ಫ್ಲಾಸ್ಕಿನ ಮುಚ್ಚಳಕ್ಕೆ ಸಿಕ್ಕಿದ್ದು. ಕೆಳಗೆ ಸಹಿ ಹಾಕಿ ನನ್ನ ಕಡೆ ತಳ್ಳಿದ. ನಾನೂ ಹಾಕಿದೆ.

ಆ ರಾದ್ಧಾಂತ ಮನೆಗೂ ತಲುಪಿತು. ಹೆಂಡತಿ ಹೇಳುವುದನ್ನೆಲ್ಲ ಹೇಳಿದಳು. ಊರವರಿಗೆಲ್ಲ ಒತ್ತುವ ಸೀಲು ಹೆತ್ತ ಮಗಳಿಗೆ ಬರುವುದಿಲ್ಲವೇ, ಎರಡು ರೆಕ್ಕೆಗಾಗಿ ಒಂದು ವರ್ಷ ಕಳೆಯಬೇಕೇ ಎಂದಳು. ಮಗಳು ತನ್ನ ಹನ್ನೆರಡು ಲೇಖನಗಳ ಅಂಚಿನಲ್ಲಿ ಷರಾ ನೋಡಿ ಮೊದಲು ಕಿರುಚಿದಳು, ಆಮೇಲೆ ಹದಿನಾಲ್ಕನೇ ಪುಟ ತೆಗೆದು ಓದಿ ಸುಮ್ಮನಾದಳು. ಸುಮ್ಮನಾದದ್ದೇ ಹೆಚ್ಚು ಹೆದರಿಸಿತು ಎಂದ ಮೊಹರು. ಅವನಿಗೆ ಮಗಳ ಮೇಲೆ ಪ್ರಾಣ. ಆದರೆ ಸುಳ್ಳು ಮೊಹರು ಒತ್ತಲು ಕೈ ಬರದು. ಮಾಡುವುದೇನೂ ತೋಚದೆ, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದ: ಹನ್ನೆರಡನ್ನೂ ನೆಲದ ಮೇಲೆ ಹರಡಿಕೊಂಡು ಒಂದಕ್ಕೊಂದು ತಾಳೆ ನೋಡತೊಡಗಿದ.

ಬುಧವಾರ ಕಚೇರಿಗೆ ಬಂದವನ ಮುಖ ದೀಪ ಹಚ್ಚಿದಂತಿತ್ತು. ಹನ್ನೆರಡರಲ್ಲೂ ಅದೇ ಜಾಗದಲ್ಲಿ ‘ಚಿತ್ರ ಮೂರು ನೋಡಿ’ ಎಂದಿತ್ತು. ಹನ್ನೆರಡರಲ್ಲಿ ಒಂದರಲ್ಲೂ ಚಿತ್ರ ಒಂದೂ ಇರಲಿಲ್ಲ, ಎರಡೂ ಇರಲಿಲ್ಲ, ಮೂರು ಎಲ್ಲಿಂದ ಬರಬೇಕು. ನಕಲು ವಿಭಾಗದವನಿಗೆ ಇಷ್ಟು ಸಾಕು. ಹನ್ನೆರಡು ಸಾಕ್ಷಿಗಳಿರಲಿಲ್ಲ; ಒಬ್ಬನೇ ಸಾಕ್ಷಿ, ಹನ್ನೆರಡು ಅಂಗಿ. ಎಲ್ಲೋ ಚಿತ್ರ ಮೂರಿರುವ ಒಂದು ಅಸಲಿದೆ. ಅವನು ಮಗಳ ಕಪಾಟಿನಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿ ಹುಡುಕಿ, ತಳದಲ್ಲಿ ಒಂದು ತೆಳ್ಳನೆಯ ಹಳೆಯ ಪುಸ್ತಿಕೆ ಹಿಡಿದಿದ್ದ. ಹನ್ನೊಂದು ವರ್ಷದ ಹಿಂದೆ ವಿದ್ಯಾರ್ಥಿಗಳಿಗೆಂದು ಜೆರಾಕ್ಸ್ ಮಾಡಿ ಹಂಚಿದ ಟಿಪ್ಪಣಿ. ಅದರಲ್ಲಿ ಚಿತ್ರ ಮೂರು ಇತ್ತು: ನಾಲ್ಕು ರೆಕ್ಕೆ ಬಿಚ್ಚಿ ಕೂತ ಒಂದು ನೊಣ. ರಟ್ಟಿನ ಮೇಲೆ ಬರೆದವರ ಹೆಸರಿತ್ತು. ಮಗಳ ಪ್ರೊಫೆಸರು.

“ಗೆದ್ದೆ,” ಎಂದ ಮೊಹರು. “ಎಲ್ಲಾ ನಕಲಿಗೂ ಅಸಲು ಅವರೇ. ಅವರದೇ ಮಾತನ್ನ ಅವರೇ ನಂಬಲ್ಲ ಅಂತಾರಾ?”

ಇದರ ಅರ್ಥವೇನೆಂದು ನನಗೆ ತಟ್ಟನೆ ಹೊಳೆಯಿತು, ಅವನಿಗೆ ಹೊಳೆಯಲಿಲ್ಲ. ಹೊಳೆಸುವುದು ಸ್ನೇಹಿತನ ಧರ್ಮವಾಗಿತ್ತು. ಆದರೆ ಎರಡನೇ ಸಹಿಯವನು ಜೊತೆಗೆ ಬರಬೇಕೆಂದು ಅವನು ಹೇಳಿದ್ದರಿಂದ, ಮುಂದಾಗುವುದನ್ನು ಕಣ್ಣಾರೆ ನೋಡುವ ಆಸೆ ಧರ್ಮವನ್ನು ಹಿಂದೆ ಹಾಕಿತು.

ಗುರುವಾರ ನಾವು ಮೂವರೂ ಪ್ರೊಫೆಸರ ಕೋಣೆಯಲ್ಲಿ ನಿಂತಿದ್ದೆವು. ಮಗಳು ಬಾಗಿಲಿಗೆ ಅಂಟಿಕೊಂಡಿದ್ದಳು. ಅಪ್ಪನನ್ನು ತಡೆಯಲು ಅವಳು ಬಸ್ಸಿನಲ್ಲಿ ಇಡೀ ದಾರಿ ಪ್ರಯತ್ನಿಸಿ ಸೋತಿದ್ದಳು. ಮೊಹರು ನೊಣದ ಸೀಸೆ, ಹನ್ನೆರಡು ಲೇಖನ, ಪುಸ್ತಿಕೆ, ಎಲ್ಲವನ್ನೂ ಮೇಜಿನ ಮೇಲೆ ಕ್ರಮವಾಗಿ ಜೋಡಿಸಿ, ಕೈಮುಗಿದು, ಬಹಳ ಸಂತೋಷದಿಂದ ವರದಿ ಒಪ್ಪಿಸಿದ: ತಾವು ಅಸಲು, ಲೋಕದಲ್ಲಿ ಓಡಾಡುತ್ತಿರುವ ಹನ್ನೆರಡು ತಮ್ಮ ನಕಲು, ಆದ್ದರಿಂದ ಆಕರ ವಿಶ್ವಾಸಾರ್ಹವೆಂದು ರುಜುವಾತಾಗಿದೆ, ಒಂದು ಸಣ್ಣ ತಕರಾರು ಮಾತ್ರ ಉಳಿದಿದ್ದು, ಅದು ನೊಣಗಳದು. ಅವುಗಳಲ್ಲಿ ತಲಾ ಎರಡು ರೆಕ್ಕೆ ಕಮ್ಮಿ ಇದೆ.

ಪ್ರೊಫೆಸರು ಪುಸ್ತಿಕೆಯನ್ನು ನೋಡಿದರು, ಸೀಸೆಯನ್ನು ನೋಡಿದರು. ಅವರ ಕಿವಿ ಕೆಂಪಗಾಗತೊಡಗಿತು.

“ಇದನ್ನ ಬೇರೆ ಯಾರಿಗಾದರೂ ತೋರಿಸಿದ್ದೀರಾ?”

“ಸೋಮವಾರ ಕಚೇರಿಯಲ್ಲಿ ನಲವತ್ತು ಜನ ನೋಡಿದಾರೆ ಸಾರ್,” ಎಂದ ಮೊಹರು ಹೆಮ್ಮೆಯಿಂದ. “ಒಂದು ಪ್ರತಿ ಕಡತದಲ್ಲಿ ಇಟ್ಟಿದೀನಿ. ತಮ್ಮ ಹೆಸರು ದಪ್ಪ ಅಕ್ಷರದಲ್ಲಿ ಹಾಕಿದೀನಿ.”

ಇಷ್ಟು ನಿಷ್ಕಪಟವಾಗಿ ಬೆದರಿಕೆ ಹಾಕಿದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಪ್ರೊಫೆಸರು ಕುರ್ಚಿಗೆ ಒರಗಿದರು. ಮೊಹರು ಮಾತ್ರ ಇನ್ನೂ ಮುಗಿಸಿರಲಿಲ್ಲ. ಚಿತ್ರದ ಅಡಿಯಲ್ಲಿ ಬೆರಳಿಟ್ಟು ಹೇಳಿದ: “ಇನ್ನೊಂದು ವಿಷಯ ಸಾರ್. ಜೆರಾಕ್ಸ್ ಮಾಡುವಾಗ ಕಾಗದ ಸ್ವಲ್ಪ ಜಾರಿದೆ. ಇಲ್ಲಿ ನೋಡಿ, ಅಕ್ಷರದ ತಲೆಗಳು ಮಾತ್ರ ಉಳಿದಿವೆ. ಇನ್ನೊಂದು ಸಾಲು ಇತ್ತು. ಅದೇನು ಅಂತ ಹೇಳಿದ್ರೆ ಬರೆದು ಸೇರಿಸ್ತೀನಿ, ಕಡತ ಪೂರ್ತಿಯಾಗುತ್ತೆ.”

ಪ್ರೊಫೆಸರು ಮಸೂರ ಇಸಿದುಕೊಂಡು ಬಹಳ ಹೊತ್ತು ಆ ತಲೆಗಳನ್ನು ನೋಡಿದರು. ಆಮೇಲೆ ಎದ್ದು, ಬೀರುವಿನ ಮೇಲಿನಿಂದ ಒಂದು ದಪ್ಪ ಹಳೆಯ ಸಂಪುಟ ಇಳಿಸಿ, ಧೂಳು ಕೊಡವಿ ತೆಗೆದರು. ಅಲ್ಲೂ ಚಿತ್ರ ಮೂರು ಇತ್ತು, ಅದೇ ನೊಣ. ಅದರಡಿಯಲ್ಲಿ ಜಾರಿಹೋದ ಸಾಲೂ ಇತ್ತು. ಅವರು ಅದನ್ನು ಗಟ್ಟಿಯಾಗಿ ಓದಿದರು: ವಂಶವಾಹಿಯಲ್ಲಿ ದೋಷ ಬಂದದ್ದರಿಂದ ನಾಲ್ಕು ರೆಕ್ಕೆಯೊಂದಿಗೆ ಹುಟ್ಟಿದ ಅಪರೂಪದ ನೊಣ, ಸಾಮಾನ್ಯ ನೊಣಕ್ಕೆ ಇರುವುದು ಎರಡು.

ಸೀಸೆಯೊಳಗಿನ ನೊಣಗಳು ತಮ್ಮ ಮರ್ಯಾದೆ ಮರಳಿ ಸಿಕ್ಕಿದ್ದಕ್ಕೋ, ಐಸು ಕರಗಿದ್ದಕ್ಕೋ, ಎದ್ದು ಹಾರಾಡತೊಡಗಿದವು.

“ಇಪ್ಪತ್ತು ವರ್ಷದಿಂದ ನೊಣದ ಜೀವಕೋಶದೊಳಗೇ ಇದೀನಿ,” ಎಂದರು ಪ್ರೊಫೆಸರು ಕೊನೆಗೆ. “ಹೊರಗೆ ಬಂದು ನೋಡಿ ಎಷ್ಟು ಕಾಲ ಆಯ್ತೋ.” ನಕ್ಕರು. ಆಮೇಲೆ ಬಾಗಿಲಲ್ಲಿದ್ದವಳನ್ನು ಕರೆದು, ಇನ್ನೂ ಹದಿನೈದು ದಿನ ಗಡುವು ಬರೆದುಕೊಟ್ಟು, ಗಾಜಿನ ಬೀರು ತೆಗೆಸುವ ಪತ್ರಕ್ಕೆ ಸಹಿ ಹಾಕಿದರು. “ಎಷ್ಟು ಜನ ಹೇಳಿದಾರೆ ಅಂತ ಎಣಿಸಬೇಡಮ್ಮ. ಮೊದಲು ಕಣ್ಣಾರೆ ನೋಡಿದವರು ಯಾರು, ಅಲ್ಲಿವರೆಗೆ ಹೋಗು. ನಾನು ಹೋಗಿದ್ದೆ, ವಾಪಸ್ ಬರುವಾಗ ಒಂದು ಸಾಲು ಬೀಳಿಸಿಕೊಂಡು ಬಂದೆ.” ಪುಸ್ತಿಕೆಯ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ವಿಶ್ವಾಸಾರ್ಹವಲ್ಲ’ ಎಂದು ತಾವೇ ಬರೆದು, ನೊಣದ ಸೀಸೆಯನ್ನು ಮಾತ್ರ ಕೇಳಿ ಇಟ್ಟುಕೊಂಡರು.

ಮಗಳು ಅಪ್ಪನ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದಳು. ವಾಪಸು ಬರುವ ಬಸ್ಸಿನಲ್ಲಿ ಮೊಹರು ಚಿಂತೆಯಲ್ಲಿ ಮುಳುಗಿದ್ದ. ಕೆಲಸ ಆಯಿತಲ್ಲ, ಇನ್ನೇನಯ್ಯ ಚಿಂತೆ ಎಂದು ಕೇಳಿದೆ. ಅವನು ಕಿಟಕಿಯಿಂದ ಹೊರಗೆ ನೋಡುತ್ತಾ, “ಒಂದು ನೊಣಕ್ಕಾಗಿ ಕಾಗದ ತಿದ್ದಿದ್ರು ಕಣೋ,” ಎಂದ.

ಮುಂದಿನ ಸೋಮವಾರ ದರ್ಜಿ ಅಜ್ಜ ಎಂದಿನಂತೆ ಬಂದು ಬೆಂಚಿನ ಮೇಲೆ ಕೂತ. ಮೊಹರು ತಾನೇ ಎದ್ದು ಹೋಗಿ ಅವನನ್ನು ಒಳಗೆ ಕರೆತಂದು, ತನ್ನ ಎಡಗಡೆ ಒಂದು ಕುರ್ಚಿ ಹಾಕಿ ಕೂರಿಸಿದ. ಬಲಗಡೆ ಅಜ್ಜನ ಜನನದ ನಕಲನ್ನಿಟ್ಟ. ಖಾನೆಯಿಂದ ಮಸೂರ ತೆಗೆದ.

“ಏನಪ್ಪ ಇದು?” ಎಂದ ಅಜ್ಜ ಗಾಬರಿಯಿಂದ.

“ಅಲ್ಲಾಡಬೇಡಿ ಅಜ್ಜ. ತಾಳೆ ನೋಡ್ತಿದೀನಿ.”

ಮೊಹರು ಹಣೆಯ ಗೆರೆಗಳನ್ನು ನೋಡಿದ, ರೆಪ್ಪೆಯ ಬಿಳಿಗೂದಲು ನೋಡಿದ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಹಲ್ಲು ತೋರಿಸಬೇಕೇ ಎಂದು ಅಜ್ಜ ಕೇಳಿದ್ದಕ್ಕೆ, ಇದ್ದರೆ ತೋರಿಸಿ ಎಂದ. ಅಜ್ಜನ ಕಣ್ಣಲ್ಲಿ ನೀರು ಬಂದಿತ್ತು, ಮಸೂರದೊಳಗಿನಿಂದ ಅದು ದೊಡ್ಡದಾಗಿ ಕಂಡಿರಬೇಕು. ಮೊಹರು ಒಂದು ಗಳಿಗೆ ಆಚೆ ತಿರುಗಿ ಕನ್ನಡಕ ಒರೆಸಿಕೊಂಡ. ಆಮೇಲೆ ಮಗ ಹುಟ್ಟಿದಾಗ ನಿಮಗೆಷ್ಟು ವರ್ಷ ಎಂದು ಕೇಳಿಕೊಂಡು, ತಿದ್ದುಪಡಿಯ ಹಾಳೆ ತೆಗೆದು, ದುಂಡನೆಯ ಅಕ್ಷರದಲ್ಲಿ ಬರೆದ: ‘ಷರಾ: ದಾಖಲೆಯಲ್ಲಿ ಇಪ್ಪತ್ತಾರು ವರ್ಷ ಕಮ್ಮಿ.’ ಧಪ್ಪನೆ ಮೊಹರೊತ್ತಿ ನನ್ನ ಕಡೆ ತಳ್ಳಿದ.

ನಾನು ಓದಿ ಸಹಿ ಹಾಕಿದೆ.